ಬೇಲಿಗೆ ಸಿಕ್ಕ ಉಣ್ಣೆ

ಕಳೆದ ತಿಂಗಳು ಒಂದು ಆನ್‌ಲೈನ್ ಮೀಟಿಂಗ್. ಸಂಜೆ ನಾಲ್ಕೂವರೆ. ನಮ್ಮ ಕಡೆಯವರೆಲ್ಲ ಕ್ಯಾಮೆರಾ ಆಫ್ ಮಾಡಿ ಕಾಫಿ ಕುಡಿಯುವ ಹೊತ್ತು. ಆ ಕಡೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನಿಂದ ಒಬ್ಬರು ಹಿರಿಯರು ಕೂತಿದ್ದರು. ಅರವತ್ತರ ಆಸುಪಾಸು, ಮೆತ್ತಗೆ ಮಾತಾಡುವ ಮನುಷ್ಯ. ಯಾರೋ ಅವರಿಗೆ ಏನೋ ಕೇಳಿದರು. ಉತ್ತರ ಇಲ್ಲ. ಮ್ಯೂಟ್ ಆಗಿರಬೇಕು ಅಂತ ಎಲ್ಲರೂ ಅಂದುಕೊಂಡೆವು. ಅವರೋ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಎರಡನೇ ಸಲ ಹೆಸರು ಹಿಡಿದು ಕೂಗಿದಾಗ ಬೆಚ್ಚಿ ತಿರುಗಿ, ನಕ್ಕು, 'ಸಾರಿ, ಐ ವಾಸ್ ವುಲ್‌ಗ್ಯಾದರಿಂಗ್' ಅಂದರು. ನಮ್ಮವರಿಗೆ ಯಾರಿಗೂ ಅರ್ಥ ಆಗಲಿಲ್ಲ. ನಮ್ಮ ಟೀಮಿನ ಗ್ರೂಪಿನಲ್ಲಿ ಒಬ್ಬ ಹುಡುಗ, 'ಪಾಪ, ಚಳಿ ಜಾಸ್ತಿ ಅನ್ಸತ್ತೆ, ಸ್ವೆಟರ್ ಹುಡುಕ್ತಿದ್ರು' ಅಂತ ಮೆಸೇಜ್ ಹಾಕಿದ. ಎಲ್ಲರೂ ನಗುವ ಇಮೋಜಿ ಒತ್ತಿದರು.

ನಾನು ಒತ್ತಲಿಲ್ಲ. ಆ ಪದ ನನಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತು. ಅಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ಅದನ್ನು ಕೇಳಿರಲಿಲ್ಲ, ಅಷ್ಟೇ. ಕೆಂಪು ಇಂಕಿನಲ್ಲಿ ಬರೆದಿದ್ದನ್ನು ಒಂದೇ ಒಂದು ಸಲ ನೋಡಿದ್ದೆ. ಅದೂ ನನ್ನ ಬಗ್ಗೆಯೇ ಬರೆದದ್ದು.

ಮಾರ್ಕ್ಸ್ ಕಾರ್ಡಿನ ಕೊನೇ ಸಾಲು

ನಾನಾಗ ಏಳನೇ ಕ್ಲಾಸು. ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದೆ. ದಸರಾ ರಜಕ್ಕೆ ಚಳ್ಳಕೆರೆ ಸೀಮೆಯ ನಮ್ಮೂರಿಗೆ ಬಂದಾಗ ಕೈಯಲ್ಲಿ ಮಾರ್ಕ್ಸ್ ಕಾರ್ಡು. ಕೊನೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಸಾಲು ಬರೆದಿದ್ದರು: ಒಳ್ಳೇ ಹುಡುಗ, ಆದರೆ ವುಲ್‌ಗ್ಯಾದರಿಂಗ್ ಜಾಸ್ತಿ. ಹೆಚ್ಚುಕಮ್ಮಿ ಹೀಗೇ ಇತ್ತು. ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರುತ್ತಿತ್ತು, ಪದ ಪದ ಬಿಡಿಸಿ. ವುಲ್ ಅಂದರೆ ಉಣ್ಣೆ. ಗ್ಯಾದರ್ ಅಂದರೆ ಆಯೋದು. ಒಂದು ನಿಮಿಷ ಕಾರ್ಡನ್ನು ದೂರ ಹಿಡಿದು ನೋಡಿ, ಜಗಲಿ ಮೇಲಿದ್ದ ಎಲ್ಲರಿಗೂ ಕೇಳೋ ಹಾಗೆ ಓದಿದರು: 'ಹುಡುಗ ಒಳ್ಳೆಯವನು. ಉಣ್ಣೆ ಜಾಸ್ತಿ ಆಯ್ತಾನಂತೆ.'

ನಮ್ಮದು ಕುರಿ ಕಾಯ್ದ ಮನೆ. ತಾತನ ಕಾಲಕ್ಕೆ ಇನ್ನೂರು ಕುರಿ ಇದ್ದವು ಅಂತಾರೆ, ನನ್ನ ಕಾಲಕ್ಕೆ ನಲವತ್ತು. ಉಣ್ಣೆ ಆಯೋದು ಅಂದರೆ ನಮ್ಮ ಮನೆಯಲ್ಲಿ ಯಾರಿಗೂ ಬೈಗುಳ ಅಲ್ಲ. ಅಜ್ಜಿ ಕದಿರು ತಿರುಗಿಸೋದನ್ನು ನಿಲ್ಲಿಸಿ ಕೇಳಿದಳು: 'ಇಸ್ಕೂಲಿಗೆ ಕುರಿ ಎಲ್ಲಿಂದ ಬಂದ್ವು ಮಗಾ?' ಆಮೇಲೆ ಇನ್ನೂ ಮುಖ್ಯವಾದ ಪ್ರಶ್ನೆ: 'ಎಷ್ಟು ಆಯ್ದೆ? ತಂದಿದೀಯಾ?'

ನನಗೂ ಅರ್ಥ ಗೊತ್ತಿರಲಿಲ್ಲ. ಅದಕ್ಕೇ ಸುಮ್ನೆ ಹೊಗಳಿಕೆ ತಗೊಂಡೆ. ಎರಡು ದಿನ ಮನೆಯಲ್ಲಿ ಒಳ್ಳೇ ಹೆಸರು. ಪಟ್ಟಣಕ್ಕೆ ಹೋದರೂ ಕುಲದ ಕಸುಬು ಬಿಡಲಿಲ್ಲ ಅಂತ ಅಜ್ಜಿ ಪಕ್ಕದ ಮನೆಯವರಿಗೂ ಹೇಳಿ ಬಂದಳು. ಮೂರನೇ ದಿನ ಚಿತ್ರದುರ್ಗದಲ್ಲಿ ಬಿಎ ಓದುತ್ತಿದ್ದ ಚಿಕ್ಕಪ್ಪ ಬಂದ. ಕಾರ್ಡು ನೋಡಿ ಬಿದ್ದೂಬಿದ್ದೂ ನಕ್ಕ. 'ಅಣ್ಣಾ, ಇವ್ನು ಕ್ಲಾಸಲ್ಲಿ ಕೂತು ಎಲ್ಲೋ ನೋಡ್ತಾ ಕನಸು ಕಾಣ್ತಾನೆ ಅಂತ ಬರ್ದಿದಾರೆ ಕಣೋ. ಪಾಠದ ಕಡೆ ಗ್ಯಾನ ಇಲ್ಲ ಅಂತ.'

ಅಪ್ಪ ಬೈಯಲಿಲ್ಲ. ನನಗೆ ಈಗಲೂ ನೆನಪಿರೋದು ಅವರು ಕೇಳಿದ ಮಾತು: 'ಸರಿ, ಕನಸು ಕಾಣ್ತಾನೆ ಅಂತ ಬರೀಲಿ. ಮಧ್ಯ ಉಣ್ಣೆನ ಯಾಕೆ ಎಳೆದು ತಂದ್ರು?'

ಚಿಕ್ಕಪ್ಪನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಆ ಮೀಟಿಂಗ್ ಆದ ಮೇಲೆ ನನಗೂ ಅದೇ ಕೊರೆಯೋಕೆ ಶುರುವಾಯಿತು.

ಹೇಗೆ ಆಯ್ತಾರೆ

ಉಣ್ಣೆ ಆಯೋದು ಅಂದರೆ ಕುರಿ ಕತ್ತರಿಸೋದಲ್ಲ. ಕತ್ತರಿಸೋ ದಿನದ ಗತ್ತೇ ಬೇರೆ. ಆಯೋದು ಮಕ್ಕಳ ಕೆಲಸ, ಮುದುಕಿಯರ ಕೆಲಸ. ಮೈಮೇಲೆ ಉಣ್ಣೆ ಬೆಳೆದು, ಇನ್ನೂ ಕತ್ತರಿ ಬಿದ್ದಿಲ್ಲ ಅನ್ನುವಾಗ ಕುರಿಗೆ ಎಲ್ಲೆಲ್ಲೂ ನವೆ. ಮರದ ಬೊಡ್ಡೆಗೆ ಮೈ ಉಜ್ಜುತ್ತದೆ. ಬೇಲಿ ಸಂದಿನಲ್ಲಿ ನುಗ್ಗುತ್ತದೆ. ಜಾಲಿ, ಕಾರೆ, ಎಲಚಿ, ಯಾವ ಮುಳ್ಳು ಸಿಕ್ಕರೂ ಅದಕ್ಕೊಂದು ಎಳೆ ಕೊಟ್ಟು ಹೋಗುತ್ತದೆ. ಹಿಂಡು ದಾಟಿದ ಮೇಲೆ ಆ ದಾರಿಯಲ್ಲಿ ನಾವು ಹೋಗಬೇಕು. ಮೊಣಕಾಲೆತ್ತರದಲ್ಲಿ ಕಣ್ಣಾಡಿಸಬೇಕು. ಅದಕ್ಕಿಂತ ಮೇಲೆ ನೋಡಿದರೆ ಏನೂ ಸಿಗಲ್ಲ. ಬೆಳಗ್ಗೆ ಮಂಜು ಬಿದ್ದಿದ್ದರೆ ಸುಲಭ. ಕರೀ ಎಳೆ ಮೇಲೆ ಹನಿ ಕೂತು ಮಿಂಚುತ್ತದೆ. ಬಿಸಿಲೇರಿದರೆ ಉಣ್ಣೆ ಯಾವುದು, ಒಣ ಕಡ್ಡಿ ಯಾವುದು ಗೊತ್ತೇ ಆಗಲ್ಲ.

ಎಳೆಯೋದಕ್ಕೂ ಒಂದು ಪಟ್ಟು ಇದೆ. ಸರಕ್ಕನೆ ಎಳೆದರೆ ಅರ್ಧ ಮುಳ್ಳಲ್ಲೇ ಉಳಿಯುತ್ತದೆ, ಬೆರಳಿಗೂ ಗೀರು. ಮುಳ್ಳಿನ ತುದಿ ಕಡೆಗೆ ಮೆಲ್ಲಗೆ ಜಾರಿಸಬೇಕು. ಅಂಗಿ ಜೇಬು ತುಂಬಿದರೆ ಆ ದಿನ ದೊಡ್ಡ ಸಂಪಾದನೆ. ಮನೆಗೆ ತಂದು ಅಜ್ಜಿ ಮುಂದೆ ಸುರಿದರೆ ಅದರಲ್ಲಿ ಅರ್ಧಕ್ಕರ್ಧ ಉತ್ತರಾಣಿ ಬೀಜ, ಕಸ, ಹಿಕ್ಕೆ. 'ಇದೇನ್ಲಾ, ತುಪ್ಪಟ ತಾರೋ ಅಂದ್ರೆ ಮುಳ್ಳು ತಂದಿದೀಯ' ಅಂತ ಗೊಣಗುತ್ತಾ ಅವಳು ದೀಪದ ಬುಡದಲ್ಲಿ ಕೂತು ಒಂದೊಂದೇ ಬಿಡಿಸುತ್ತಿದ್ದಳು. ಒಂದು ಗಂಟೆ ಆಯ್ದದ್ದನ್ನು ಹಸನು ಮಾಡೋಕೆ ಅವಳಿಗೆ ಎರಡು ಸಂಜೆ. ಆಮೇಲೆ ಹಿಂಜಿ, ಕದಿರಿಗೆ ಹಾಕಿ ನೂಲು ತೆಗೆಯುತ್ತಿದ್ದಳು. ಅಷ್ಟರಲ್ಲಿ ಕಂಬಳಿ ಆಗೋದಿಲ್ಲ ಬಿಡಿ. ಕೂಸು ಹುಟ್ಟಿದ ಮನೆಗೆ ಕೈಗೆ ಕಟ್ಟೋ ಕರೀ ದಾರ ಆಗುತ್ತಿತ್ತು. ಮದುವೆ ಮನೆಗೆ ಕಂಕಣ ಆಗುತ್ತಿತ್ತು. ನಮ್ಮಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಅಂತ ಎರಡು ಒಳಪಂಗಡ ಇರೋದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮದುವೆಯಲ್ಲಿ ಕೈಗೆ ಕಟ್ಟೋ ದಾರ ಯಾವುದು ಅನ್ನೋದರ ಮೇಲೇ ಆ ಹೆಸರು. ಅಜ್ಜಿಗೆ ಅಂಗಡಿ ದಾರದ ಮೇಲೆ ನಂಬಿಕೆ ಇರಲಿಲ್ಲ.

ಈಗ ಇದನ್ನೆಲ್ಲ ರಸ್ತೆಯಲ್ಲಿ ನಿಂತು ನೋಡುವವರ ಕಣ್ಣಿಂದ ನೋಡಿ. ಒಬ್ಬ ಹುಡುಗ. ನಾಲ್ಕು ಹೆಜ್ಜೆ ಹೋಗುತ್ತಾನೆ, ನಿಲ್ಲುತ್ತಾನೆ. ಒಂದು ಮುಳ್ಳುಕಂಟಿಯನ್ನು ದಿಟ್ಟಿಸಿ ನೋಡುತ್ತಾನೆ. ಹತ್ತು ಹೆಜ್ಜೆ ಹಿಂದಕ್ಕೆ ಬರುತ್ತಾನೆ. ಬೇಲಿ ದಾಟುತ್ತಾನೆ, ಮತ್ತೆ ಈ ಕಡೆಗೇ ಬರುತ್ತಾನೆ. ಇವನು ಎಲ್ಲಿಗೆ ಹೊರಟಿದ್ದಾನೆ ಅಂತ ಯಾರಿಗೂ ಹೇಳೋಕೆ ಆಗಲ್ಲ. ಅವನಿಗೂ ಆಗಲ್ಲ. ನಿನ್ನೆ ಕುರಿ ಎಲ್ಲೆಲ್ಲಿ ಹೋಗಿತ್ತೋ ಇವತ್ತು ಇವನು ಅಲ್ಲಲ್ಲಿ ಹೋಗುತ್ತಾನೆ.

ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಕ್ಲಾಸಿನಲ್ಲಿ ಕೂತ ಹುಡುಗನ ಮನಸ್ಸು ಹೋಗೋದೂ ಹೀಗೇ ಅಲ್ವಾ? ಹೋಲಿಕೆ ಮಾಡಿದವರು ಯಾರೋ ಗೊತ್ತಿಲ್ಲ, ಆದರೆ ಆಯೋರನ್ನು ಸರಿಯಾಗಿ ನೋಡಿದ್ದರು. ಜೇಬನ್ನು ಮಾತ್ರ ನೋಡಲಿಲ್ಲ.

ಕುರಿ ದೇಶದ ಮಾತು

ಈ ಪದ ಇಂಗ್ಲಿಷಿನಲ್ಲಿ ತುಂಬ ಹಳೇದು. 1553ರಲ್ಲಿ ಥಾಮಸ್ ವಿಲ್ಸನ್ ಅನ್ನೋರು ಮಾತಿನ ಕಲೆಯ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲೇ ಇದು ಬರುತ್ತದೆ. ಮಾತಾಡೋಕೆ ನಿಂತವನು ತಡವರಿಸಿದರೆ, ಅವನ ಬುದ್ಧಿ ಉಣ್ಣೆ ಆಯೋಕೆ ಹೋದ ಹಾಗೆ ಅನ್ನೋ ಅರ್ಥದಲ್ಲಿ. ಅಂದರೆ ಅಷ್ಟು ಹೊತ್ತಿಗಾಗಲೇ ಇದು ಗಾದೆಯಷ್ಟು ಸವೆದಿತ್ತು ಅಂತ ನನ್ನ ಲೆಕ್ಕ. ಓದುವವರಿಗೆ ಅರ್ಥ ಬಿಡಿಸಿ ಹೇಳೋ ಅಗತ್ಯ ಇದ್ದಂತೆ ಕಾಣಲ್ಲ.

ಆ ಕಾಲದ ಇಂಗ್ಲೆಂಡಿಗೆ ಉಣ್ಣೆ ಅಂದರೆ ಬಂಗಾರ. ದೇಶದ ದುಡ್ಡೆಲ್ಲ ಕುರಿ ಬೆನ್ನ ಮೇಲಿಂದಲೇ ಬರುತ್ತಿತ್ತು. ಅಲ್ಲಿನ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಸಭಾಪತಿ ಕೂರೋದು ಇವತ್ತಿಗೂ ಒಂದು ದೊಡ್ಡ ಕೆಂಪು ಉಣ್ಣೆ ಮೂಟೆಯ ಮೇಲೆ. 14ನೇ ಶತಮಾನದ ಮೂರನೇ ಎಡ್ವರ್ಡ್ ದೊರೆಯ ಕಾಲದಿಂದ ಬಂದ ಪದ್ಧತಿ. ನಾಡು ಯಾವುದರಿಂದ ಬಾಳುತ್ತಿದೆ ಅನ್ನೋದು ನೆನಪಿರಲಿ ಅಂತ. (ತಮಾಷೆ ಅಂದರೆ 1938ರಲ್ಲಿ ಅದನ್ನು ಬಿಚ್ಚಿ ನೋಡಿದಾಗ ಒಳಗಿದ್ದದ್ದು ಕುದುರೆ ಕೂದಲು. ಆಮೇಲೆ ಉಣ್ಣೆ ತುಂಬಿಸಿದರು.) ಉಣ್ಣೆ ಮೂಟೆ ಮೇಲೆ ಕೂತರೆ ದೊಡ್ಡ ಮನುಷ್ಯ. ಅದೇ ಉಣ್ಣೆಯನ್ನು ಬೇಲಿಯಿಂದ ಆಯ್ದರೆ ಬುದ್ಧಿ ನೆಟ್ಟಗಿಲ್ಲದವನು.

ಆಯುತ್ತಿದ್ದವರು ಯಾರು? ವೇಲ್ಸ್‌ನಲ್ಲಿ ಇದಕ್ಕೆ 'ಗ್ಲಾನಾ' ಅನ್ನೋ ಹಾಗೆ ಕೇಳಿಸೋ ಒಂದು ಪದವೇ ಇದೆ. ಸಮುದ್ರದ ಕಡೆಯ ಹಳ್ಳಿಗಳ ಬಡ ಹೆಂಗಸರು ಬೇಸಿಗೆ ಬಂತು ಅಂದರೆ ಗುಂಪು ಕಟ್ಟಿಕೊಂಡು ಗುಡ್ಡದ ಮೇಲಿನ ಕುರಿ ಸೀಮೆಗೆ ನಡೆದು ಹೋಗುತ್ತಿದ್ದರು. ದಿನಗಟ್ಟಲೆ ನಡಿಗೆ. ರಾತ್ರಿ ಯಾವುದಾದರೂ ರೈತನ ಕೊಟ್ಟಿಗೆಯಲ್ಲಿ ಮಲಗೋದು. ಹಗಲು ಪೊದೆ, ಕಲ್ಲುಗೋಡೆ, ಕುರಿ ದಾರಿ ಹುಡುಕಿ ಆಯೋದು. ಮೂಟೆ ಕಟ್ಟಿಕೊಂಡು ಹಿಂದಿರುಗಿ, ಚಳಿಗಾಲ ಪೂರ್ತಿ ಅದನ್ನು ನೂತು ಕಾಲುಚೀಲ ಹೆಣೆದು ಮಾರೋದು. 19ನೇ ಶತಮಾನದಲ್ಲೂ ಇದು ನಡೆದಿತ್ತು. ನಮ್ಮ ಕಡೆ ಕೊಯ್ಲು ಮುಗಿದ ಹೊಲದಲ್ಲಿ ಬಡವರು ಹಕ್ಕಲು ಆಯ್ದ ಹಾಗೆ. ಹಕ್ಕಲು ಆಯೋರನ್ನು ನೋಡಿ ಯಾರಾದರೂ 'ಕನಸುಗಾರ' ಅಂತಾರಾ? ಹೊಟ್ಟೆಪಾಡು ಅಂತಾರೆ. ಹಾಗಾಗಿ ನನ್ನ ಊಹೆ ಇಷ್ಟು: ಈ ಮಾತನ್ನು ಹುಟ್ಟಿಸಿದವರು ಆಯೋರಲ್ಲ. ಹಿಂಡು ಇದ್ದವರು, ಇಲ್ಲಾ ಹಿಂಡೂ ಇಲ್ಲದೆ, ಆಯೋ ಗತಿಯೂ ಬಾರದೆ ಓದುಬರಹ ಮಾಡಿಕೊಂಡಿದ್ದವರು.

ಉಣ್ಣೆ ಕೆಲಸದ ಪದಗಳಿಗೆ ಇಂಗ್ಲಿಷಿನಲ್ಲಿ ಇದೇ ಗತಿ ಕಣ್ರೀ. 'ಸ್ಪಿನ್‌ಸ್ಟರ್' ಅಂದರೆ ನೂಲು ತೆಗೆಯೋ ಹೆಂಗಸು ಅಂತಿದ್ದದ್ದು ಮದುವೆಯಾಗದ ಹೆಂಗಸಿಗೆ ಅಂಟಿಕೊಂಡಿತು. 'ಶಾಡಿ' ಅಂದರೆ ಇವತ್ತು ಕಳಪೆ ಕೆಲಸ. ಮೊದಲು ಅದು ಒಂದು ಬಟ್ಟೆಯ ಹೆಸರು. 1813ರ ಸುಮಾರಿಗೆ ಯಾರ್ಕ್‌ಷೈರ್‌ನ ಬ್ಯಾಟ್ಲಿ ಊರಲ್ಲಿ ಬೆಂಜಮಿನ್ ಲಾ ಅನ್ನೋನು ಹಳೇ ಉಣ್ಣೆ ಚಿಂದಿಯನ್ನು ಹಿಂಜಿ, ಹೊಸ ಉಣ್ಣೆ ಬೆರೆಸಿ ಬಟ್ಟೆ ಮಾಡಿದ. ಬಡವರೂ ಬೆಚ್ಚಗೆ ಉಟ್ಟರು. ಹೆಸರು ಬೈಗುಳ ಆಯಿತು. ನಮ್ಮ ಮೀಟಿಂಗಿನ ಹಿರಿಯರ ಮನೆ ಆ ಊರಿಂದ ಅರ್ಧ ಗಂಟೆ ದಾರಿಯಂತೆ.

ಇನ್ನೊಂದು ಸಂಗತಿ ಬಿಟ್ಟು ಹೋಗೋಕೆ ಮನಸ್ಸಾಗುತ್ತಿಲ್ಲ. ಕನಸುಗಾರರಿಗೆ ಇಂಗ್ಲಿಷಿನ ಇನ್ನೊಂದು ಪದ 'ಯುಟೋಪಿಯನ್'. ಅದು ಬಂದದ್ದು 1516ರಲ್ಲಿ ಥಾಮಸ್ ಮೋರ್ ಬರೆದ ಪುಸ್ತಕದಿಂದ. ಎಲ್ಲೂ ಇಲ್ಲದ ಊರು ಅಂತ ಆ ಹೆಸರಿನ ಅರ್ಥ. ಆ ಇಲ್ಲದ ಊರಿನ ಕತೆ ಶುರುವಾಗೋ ಮೊದಲು, ಇರೋ ಊರಿನ ಕಷ್ಟ ಹೇಳುವಾಗ ಮೋರ್ ಕುರಿಗಳ ಮೇಲೆ ಹರಿಹಾಯುತ್ತಾನೆ. ಸಾಧು ಪ್ರಾಣಿಗಳಾಗಿದ್ದ ಕುರಿಗಳು ಈಗ ಮನುಷ್ಯರನ್ನೇ ತಿನ್ನುತ್ತಿವೆ ಅಂತ. ಉಣ್ಣೆ ಲಾಭದ ಆಸೆಗೆ ಜಮೀನ್ದಾರರು ಉಳುವ ಹೊಲಕ್ಕೂ ಊರ ಗೋಮಾಳಕ್ಕೂ ಬೇಲಿ ಹಾಕಿ, ರೈತರನ್ನು ಎಬ್ಬಿಸಿ, ಕುರಿ ಬಿಟ್ಟಿದ್ದರು. ಆ ಬೇಲಿಗಳಿಗೂ ಉಣ್ಣೆ ಸಿಕ್ಕಿರಬೇಕು. ಹೊಲ ಕಳಕೊಂಡವರ ಮಕ್ಕಳೇ ಅದನ್ನು ಆಯ್ದಿರಲೂಬಹುದು. ಒಂದೇ ಬೇಲಿಯ ಆ ಕಡೆಯಿಂದ ಒಂದು ಪದ, ಈ ಕಡೆಯಿಂದ ಇನ್ನೊಂದು.

ಯಾರಿಗೆ ಹೇಳೋದು, ಯಾರಿಗೆ ಹೇಳಬಾರದು

ಬಳಸೋ ವಿಷಯಕ್ಕೆ ಬಂದರೆ, ವುಲ್‌ಗ್ಯಾದರಿಂಗ್ ಮೆದುವಾದ ಬೈಗುಳ. ಕ್ಷಮಿಸಿಯೇ ಬೈಯೋದು. ಮಕ್ಕಳಿಗೆ ಹೇಳಬಹುದು, ನಮಗೆ ನಾವೇ ಹೇಳಿಕೊಳ್ಳಬಹುದು. ಆ ಹಿರಿಯರು ಮಾಡಿದ್ದೂ ಅದನ್ನೇ. 'ಗಮನ ಇರಲಿಲ್ಲ' ಅಂದಿದ್ದರೆ ತಪ್ಪೊಪ್ಪಿಗೆ ಆಗುತ್ತಿತ್ತು. ಇದರಲ್ಲಿ ಒಂದು ನಗು ಸೇರಿಕೊಳ್ಳುತ್ತದೆ. ದೊಡ್ಡ ಯೋಜನೆ ಹಾಕುವವರಿಗೆ ಈ ಪದ ಒಪ್ಪಲ್ಲ. ಸ್ಟಾರ್ಟಪ್ ಮಾಡುವವನು ವುಲ್‌ಗ್ಯಾದರರ್ ಅಲ್ಲ. ಅವನು 'ವಿಷನರಿ'. ಫ್ಲೆಕ್ಸ್ ಮೇಲೆ ಕೈಮುಗಿದು ನಿಂತ ನಮ್ಮ ನಾಯಕರೂ ಅಷ್ಟೇ, ಎಲ್ಲರೂ ವಿಷನರಿಗಳು. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಆ ಪದಕ್ಕೆ ಕೊಟ್ಟ ಅರ್ಥ 'ಕಲ್ಪನೆ ಕೆಟ್ಟುಹೋದವನು' ಅಂತ. ಫ್ಲೆಕ್ಸ್ ಬರೆಸೋರಿಗೆ ಹೇಳಬೇಡಿ.

ಕನ್ನಡದಲ್ಲಿ ಇದಕ್ಕೆ ಏನು ಹೇಳೋದು ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. 'ಹಗಲುಗನಸು' ಹತ್ತಿರ ಬರುತ್ತದೆ. ಆದರೆ ಅದರಲ್ಲಿ ಆಸೆ ಇದೆ, ಏನೋ ಬೇಕು ಅನ್ನೋದಿದೆ. 'ಗಾಳಿಗೋಪುರ'ದಲ್ಲಿ ಕಟ್ಟೋ ಹಟ ಇದೆ. 'ಮನಸಲ್ಲೇ ಮಂಡಿಗೆ ತಿನ್ನೋದು' ಪೂರ್ತಿ ಹೊಟ್ಟೆ ವ್ಯವಹಾರ. 'ತಿರುಕನ ಕನಸು' ಅಂದರೆ ಕೊನೆಗೆ ಎಚ್ಚರ ಆಗಿ ಪೆಚ್ಚಾಗಲೇಬೇಕು. ಕಿಟಕಿಯಾಚೆ ನೋಡುವ ಹುಡುಗನಿಗೆ ಇದ್ಯಾವುದೂ ಹೊಂದಲ್ಲ. ಅವನಿಗೆ ಏನೂ ಬೇಕಿಲ್ಲ. ಅವನು ರಾಜನೂ ಆಗುತ್ತಿಲ್ಲ, ಮಂಡಿಗೆಯೂ ತಿನ್ನುತ್ತಿಲ್ಲ.

ಆಮೇಲೆ ಹೊಳೆಯಿತು. ಅಷ್ಟು ಹುಡುಕೋದೇ ಬೇಕಿರಲಿಲ್ಲ. ಅಮ್ಮ ದಿನಾ ಬೈತಿದ್ದದ್ದೇ ಅದು: 'ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?' ಹಾಲು ಉಕ್ಕಿ ಹೋದಾಗ, ಕೊಡ ತುಂಬಿ ನೀರು ಚೆಲ್ಲಿದಾಗ, ಕರೆದರೂ ತಿರುಗದಿದ್ದಾಗ. ಅದೇ ಸಂದರ್ಭ, ಅದೇ ಅರ್ಧ ಸಿಟ್ಟು, ಅರ್ಧ ನಗು. ಆದರೆ ನೋಡಿ, ಇಂಗ್ಲಿಷಿನವರ ಬುದ್ಧಿ ಕುರಿ ಹಿಂದೆ ಉಣ್ಣೆ ಆಯೋಕೆ ಹೋಗುತ್ತದೆ. ನಮ್ಮ ಬುದ್ಧಿ ತಾನೇ ಕುರಿಯಾಗಿ ಮೇಯೋಕೆ ಹೋಗುತ್ತದೆ. ನನಗೆ ನಮ್ಮದೇ ಮೇಲು ಅನ್ನಿಸುತ್ತದೆ. ಮೇಯೋಕೆ ಹೋದದ್ದು ಸಂಜೆಗೆ ಹೊಟ್ಟೆ ತುಂಬಿಸಿಕೊಂಡು ತಾನಾಗೇ ರೊಪ್ಪಕ್ಕೆ ಬರುತ್ತದಲ್ಲ. ಮೇಯೋದು ಅದಕ್ಕೆ ಬೇಕೇ ಬೇಕು. ಬೈಯುತ್ತಲೇ ಅಷ್ಟನ್ನು ಒಪ್ಪಿಕೊಂಡ ಹಾಗಾಯಿತು.

ಹಾಗಂತ ಇದನ್ನು ಹೊಗಳಿ ಅಟ್ಟಕ್ಕೇರಿಸೋಕೂ ನನಗೆ ಇಷ್ಟ ಇಲ್ಲ. ಸುಮ್ಮನೆ ಕೂತು ಕನಸು ಕಂಡರೆ ಹೊಸ ಐಡಿಯಾ ಬರುತ್ತೆ ಅಂತ ಹೇಳೋ ವಿಡಿಯೋಗಳು ಈಗ ಜಾಸ್ತಿ ಆಗಿವೆ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಮನಃಶಾಸ್ತ್ರಜ್ಞರು 2,250 ಜನರಿಗೆ ಫೋನ್ ಆ್ಯಪ್‌ನಲ್ಲಿ ಆಗಾಗ ಪ್ರಶ್ನೆ ಕಳಿಸಿ, ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ ಅಂತ ಕೇಳಿದರು. 46.9 ಶೇಕಡಾ ಹೊತ್ತು ಮನಸ್ಸು ಮಾಡುತ್ತಿರೋ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆಯುವಾಗ ಜನರ ಖುಷಿಯೂ ಕಮ್ಮಿ ಇತ್ತು. ನನಗೆ ಆಶ್ಚರ್ಯ ಆಗಲಿಲ್ಲ. ಆಯ್ದದ್ದರಲ್ಲಿ ಅರ್ಧಕ್ಕರ್ಧ ಉತ್ತರಾಣಿ ಬೀಜ ಅಂತ ಆಗಲೇ ಹೇಳಿದೆನಲ್ಲ. ಏಳನೇ ಕ್ಲಾಸಿನಲ್ಲಿ ಕಿಟಕಿಯಾಚೆ ನೋಡುತ್ತಾ ನಾನು ಏನು ಯೋಚಿಸುತ್ತಿದ್ದೆ ಅಂತ ಪ್ರಾಮಾಣಿಕವಾಗಿ ನೆನಪಿಸಿಕೊಂಡರೆ, ಜಾಸ್ತಿ ಊಟದ್ದು, ಇನ್ನು ಊರಿಗೆ ಹೋಗೋಕೆ ಎಷ್ಟು ದಿನ ಅನ್ನೋದು. ಮನೆ ನೆನಪಾಗಿ ಅಳು ಬರುತ್ತಿತ್ತು. ಮೇಷ್ಟ್ರಿಗೆ ಅದು ಕನಸು ಕಂಡ ಹಾಗೆ ಕಂಡಿದ್ದರೆ ತಪ್ಪು ಅವರದ್ದೂ ಅಲ್ಲ. ಮುಖ ನೋಡಿದರೆ ಎರಡೂ ಒಂದೇ ಥರ ಇರುತ್ತದೆ.

ಫೋಟೋ

ಮುಂದಿನ ಮೀಟಿಂಗಿಗೆ ನಾನು ಐದು ನಿಮಿಷ ಮೊದಲೇ ಸೇರಿಕೊಂಡೆ. ಅವರೂ ಬಂದಿದ್ದರು. ಮಾರ್ಕ್ಸ್ ಕಾರ್ಡಿನ ಕತೆ ಹೇಳಿದೆ. ಅಜ್ಜಿ 'ಎಷ್ಟು ಆಯ್ದೆ' ಅಂದಿದ್ದು ಕೇಳಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. ಹುಟ್ಟಿದಾಗಿನಿಂದ ಆ ಪದ ಬಳಸಿದ್ದೀನಿ, ಮನೆ ಹಿಂದೇನೇ ಕುರಿ ಮೇಯುತ್ತವೆ, ಆದರೆ ಅದರೊಳಗೆ ನಿಜವಾದ ಉಣ್ಣೆ ಇದೆ ಅಂತ ಒಂದು ದಿನಾನೂ ಅನ್ನಿಸಿರಲಿಲ್ಲ ಅಂದರು. ಅಲ್ಲೂ ಈಗ ಉಣ್ಣೆಗೆ ಬೆಲೆ ಇಲ್ಲವಂತೆ. ಎಷ್ಟೋ ರೈತರಿಗೆ ಕತ್ತರಿಸೋ ಕೂಲಿಯೂ ಹುಟ್ಟಲ್ಲ. ನಮ್ಮೂರಲ್ಲೂ ಅದೇ ಕತೆ ಅಂತ ಹೇಳಿದೆ. ಕುರಿಯನ್ನು ಈಗ ಮಾಂಸಕ್ಕೆ ಸಾಕ್ತಾರೆ. ಕತ್ತರಿಸಿದ ಉಣ್ಣೆ ರೊಪ್ಪದ ಮೂಲೆಯಲ್ಲಿ ಕೊಳೆಯುತ್ತಿರುತ್ತದೆ. ಬಳ್ಳಾರಿ ಜಾಲಿಗೆ ಸಿಕ್ಕಿದ್ದನ್ನು ಯಾರು ಕೇಳ್ತಾರೆ.

ಆ ಭಾನುವಾರ ಅವರಿಂದ ಒಂದು ಫೋಟೋ ಬಂತು. ವಾಕಿಂಗ್ ಹೋದಾಗ ತೆಗೆದದ್ದು. ಮುಳ್ಳುತಂತಿ ಬೇಲಿ, ಹಿಂದೆ ಹಸಿರು ಗುಡ್ಡ, ತಂತಿ ಮೇಲೆ ಬೆಳ್ಳನೆ ಉಣ್ಣೆ. ಒಂದೆರಡು ಎಳೆ ಅಲ್ಲ. ಗಾಳಿಗೆ ಅಡ್ಡಡ್ಡ ಹಾರುತ್ತಾ, ಬೇಲಿ ಉದ್ದಕ್ಕೂ.

ನಾನು ಅದನ್ನು ಊರಲ್ಲಿರೋ ಅಮ್ಮನಿಗೆ ಕಳಿಸಿದೆ. ಅಜ್ಜಿ ಇಲ್ಲ ಈಗ. ಅಮ್ಮ ಹತ್ತು ನಿಮಿಷ ಬಿಟ್ಟು ಫೋನ್ ಮಾಡಿದಳು. ಯಾವ ಊರು, ಯಾರ ಕುರಿ, ಏನೂ ಕೇಳಲಿಲ್ಲ.

'ಇಷ್ಟುದ್ದ ಎಳೆ ಐತಲ್ಲೋ' ಅಂದಳು. 'ಯಾರೂ ಆಯ್ಕಂಡೇ ಇಲ್ವಲ್ಲ ಅಲ್ಲಿ.'